ಶಹಾಬಾದ್‌ನ ಅಣ್ಣನಿಗೆ ಆರು ತಿಂಗಳ ಗುಳಿಗೆ: ಇದು ನಮ್ಮ ಮೇಲಿನ ಪ್ರಯೋಗವೇ?

ಪ್ರಶ್ನೆ: ಡಾಕ್ಟರ್ ಸಾಹೇಬ್ರೇ, ನಮಸ್ಕಾರ. ನಮ್ಮಣ್ಣ ಶಹಾಬಾದ್ ಹತ್ತಿರ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಾನೆ. ಕಫ ಪರೀಕ್ಷೆಯಲ್ಲಿ ಎಂಡಿಆರ್ ಟಿಬಿ, ಅಂದರೆ ಮುಖ್ಯ ಟಿಬಿ ಔಷಧಿಗಳಿಗೆ ಬಗ್ಗದ ಟಿಬಿ, ಎಂದು ಬಂದಿದೆ. ನಾಲ್ಕು ತರಹದ ಗುಳಿಗೆ, ಆರೇ ತಿಂಗಳು ಸಾಕು ಎಂದಿದ್ದಾರೆ. ನಮ್ಮ ಕಾಕಾಗೆ ಇದೇ ರೋಗಕ್ಕೆ ಹಿಂದೆ ಸುಮಾರು ಎರಡು ವರ್ಷ ಔಷಧಿ ನಡೆದಿತ್ತು. ಆಗಿನ ಇಂಜೆಕ್ಷನ್‌ನಿಂದ ಕಿವಿ ಹೋಯಿತು. ಈಗ ಊರವರು, ‘ಇದು ಫಾರಿನ್ ಔಷಧಿ, ನಿಮ್ಮ ಮೇಲೆ ಪ್ರಯೋಗ ಮಾಡ್ತಿದ್ದಾರೆ’ ಎನ್ನುತ್ತಾರೆ. ನಿಜವೇ?

ಉತ್ತರ: ಪ್ರಯೋಗ ನಡೆದದ್ದು ನಿಜ ತಮ್ಮಾ. ಆದರೆ ನಿಮ್ಮಣ್ಣನ ಮೇಲಲ್ಲ, ಅದು ಮುಗಿದ ಕೆಲಸ. ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನ, ಬೆಲಾರೂಸ್‌ಗಳ ರೋಗಿಗಳು ಒಪ್ಪಿಕೊಂಡು ಈ ನಾಲ್ಕು ಗುಳಿಗೆ ನುಂಗಿದರು. ಅದನ್ನು ನಡೆಸಿದ್ದು ಎಂಎಸ್ಎಫ್ ಎಂಬ ವೈದ್ಯರ ಸೇವಾ ಸಂಸ್ಥೆ. ನೂರರಲ್ಲಿ 89 ಜನರಿಗೆ ಒಳ್ಳೆಯ ಫಲ ಸಿಕ್ಕಿತು. ಹಳೆಯ ಚಿಕಿತ್ಸೆಯಲ್ಲಿ 52. ಆಮೇಲೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ನಮ್ಮ ಸರ್ಕಾರ ಒಪ್ಪಿದ್ದು 2024ರ ಸೆಪ್ಟೆಂಬರಿನಲ್ಲಿ.

‘ಫಾರಿನ್’ ಎಂದರೆ ಯಾವ ದೇಶ ಎಂದು ಕೇಳಿ ನೋಡಿ, ಹೇಳಲು ಬರುವುದಿಲ್ಲ. ಈ ನಾಲ್ಕರಲ್ಲಿ ಬೆಡಾಕ್ವಿಲಿನ್ ಹುಟ್ಟಿದ್ದು ಬೆಲ್ಜಿಯಂನಲ್ಲಿ. ಮಾಕ್ಸಿಫ್ಲಾಕ್ಸಾಸಿನ್ ಜರ್ಮನ್ ಕಂಪನಿಯದು. ಲಿನೆಜೋಲಿಡ್ ಅಮೆರಿಕದ್ದು. ಪ್ರೆಟೊಮನಿಡ್‌ ಅನ್ನು ಗುಳಿಗೆಯಾಗಿ ಹೊರತಂದದ್ದು ಟಿಬಿ ಅಲಯನ್ಸ್ ಎಂಬ ಲಾಭವಿಲ್ಲದ ಸಂಸ್ಥೆ. ಟಿಬಿ ಹೆಚ್ಚಾಗಿ ಬಡವರ ರೋಗ. ಔಷಧಿ ಕಂಪನಿಗಳಿಗೆ ಅದರಲ್ಲಿ ದುಡ್ಡು ಕಾಣುವುದಿಲ್ಲ, ಅದಕ್ಕೇ ಇಷ್ಟು ಜನ ಕೈ ಸೇರಿಸಬೇಕಾಯಿತು.

ಕಾಕಾ ಅವರ ಕಿವಿಯ ವಿಷಯ ಓದಿ ಒಂದು ಮಾತು ಹೇಳಬೇಕೆನಿಸಿತು. ಬೆಡಾಕ್ವಿಲಿನ್ ಕಂಪನಿ ಭಾರತದಲ್ಲಿ ಪೇಟೆಂಟ್ ಅವಧಿ ಮುಂದುವರಿಸಿಕೊಳ್ಳಲು ಹೊರಟಿತ್ತು. ತಕರಾರು ಹಾಕಿದವರಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು: ಮುಂಬೈಯ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಇಬ್ಬರೂ ಟಿಬಿಯಿಂದ ಗುಣವಾದವರು, ಇಬ್ಬರಿಗೂ ಹಳೆಯ ಔಷಧಿಯಿಂದಲೇ ಕಿವಿ ಹೋಗಿತ್ತು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿ ತಳ್ಳಿಹಾಕಿತು. ಬೇರೆ ಕಂಪನಿಗಳೂ ಇದೇ ಗುಳಿಗೆ ಮಾಡುವ ದಾರಿ ತೆರೆಯಿತು.

ಪ್ರಶ್ನೆ (ಯಾದಗಿರಿಯ ಅಕ್ಕ): ಸರ್, ನನ್ನ ಮಗನೂ ಇದನ್ನೇ ನುಂಗುತ್ತಿದ್ದಾನೆ. ಎರಡು ವಾರದ ನಂತರ ಒಂದು ಗುಳಿಗೆ ದಿನಾ ಕೊಡುತ್ತಿಲ್ಲ. ಸ್ಟಾಕ್ ಇಲ್ಲವಾ? ಅವನು ಪುಣೆಗೆ ಕೆಲಸಕ್ಕೂ ಹೋಗಬೇಕು.

ಉತ್ತರ: ಗಾಬರಿ ಬೇಡ ಅಕ್ಕಾ. ಬೆಡಾಕ್ವಿಲಿನ್ ಮೊದಲ ಎರಡು ವಾರ ದಿನಾ, ಆಮೇಲೆ ವಾರಕ್ಕೆ ಮೂರೇ ದಿನ. ಅದನ್ನು ಊಟದ ಜೊತೆ ಕೊಡಿ. ಪುಣೆಗೆ ಹೋಗುವ ಮೊದಲು ಇಲ್ಲಿಯ ಟಿಬಿ ಕೇಂದ್ರಕ್ಕೆ ಹೇಳಿ, ನಿಕ್ಷಯ್ ನಂಬರಿನ (ಸರ್ಕಾರದ ಟಿಬಿ ದಾಖಲೆಯಲ್ಲಿನ ರೋಗಿಯ ನಂಬರು) ಮೇಲೆ ಅಲ್ಲಿಗೆ ವರ್ಗ ಮಾಡಿಕೊಡುತ್ತಾರೆ. ಸುಮ್ನೆ ಬಸ್ ಹತ್ತಿ ಹೋಗಬೇಡಿ. ಗುಳಿಗೆ ನಡುವೆ ತಪ್ಪಿದರೆ ಈ ನಾಲ್ಕಕ್ಕೂ ರೋಗ ಬಗ್ಗದಂತಾಗಬಹುದು. ಆಮೇಲೆ ಕೊಡಲು ನಮ್ಮ ಕೈಯಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ. ಕಾಲು ಜುಮ್ಮೆಂದರೆ, ಕಣ್ಣು ಮಂಜಾದರೆ ಅವತ್ತೇ ಹೇಳಿ. ಅದು ಲಿನೆಜೋಲಿಡ್‌ನ ಅಡ್ಡಪರಿಣಾಮ ಇರಬಹುದು, ಡೋಸ್ ಬದಲಿಸಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ (ಬೀದರ್): ಭೇದಿಯಾದರೆ ಮೆಡಿಕಲ್ ಶಾಪಿನವರು ಕೊಡುವ ಓಫ್ಲಾಕ್ಸಾಸಿನ್ ಗುಳಿಗೆಗೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಓಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಒಂದೇ ಮನೆತನ. ಚೀಟಿ ಇಲ್ಲದೆ, ಕೆಮ್ಮಿಗೂ ಜ್ವರಕ್ಕೂ ನುಂಗಿದರೆ ಒಳಗಿನ ಟಿಬಿ ನಾಲ್ಕು ದಿನ ಮುಸುಕು ಹಾಕಿಕೊಳ್ಳುತ್ತದೆ, ರೋಗ ಗೊತ್ತಾಗುವುದು ತಡ. ಕ್ರಿಮಿ ಆ ಗುಂಪಿಗೆ ಬಗ್ಗದಂತಾದರೆ ಮಾಕ್ಸಿ ಬಿಟ್ಟು ಮೂರರಲ್ಲೇ ಹೋರಾಡಬೇಕು. ಭೇದಿಗೆ ಮೊದಲು ಓಆರ್‌ಎಸ್ ಕುಡಿಯಿರಿ ಎಂದರೆ ನಮ್ಮಲ್ಲಿ ಯಾರೂ ಡಾಕ್ಟರ್ ಎಂದು ಒಪ್ಪುವುದೇ ಇಲ್ಲ, ಅಲ್ವಾ!

ಮೊದಲು ಕೇಳಿದವರು: ಸಾಹೇಬ್ರೇ, ಆ ಇಬ್ಬರ ಕಥೆಯನ್ನು ಚೀಟಿಯಲ್ಲಿ ಬರೆದು ಕಾಕಾಗೆ ತೋರಿಸಿದೆ. ಎರಡು ಸಲ ಓದಿದರು. ಆಫ್ರಿಕಾದ ಆ ಹುಡುಗಿ ಯಾವ ಊರಿನವಳು ಎಂದು ಕೇಳುತ್ತಿದ್ದಾರೆ.

ಉತ್ತರ: ಕೇಪ್‌ಟೌನ್‌ನ ಖಯೆಲಿತ್ಶಾ ಎಂದು ಬರೆದು ತೋರಿಸಿ. ಅಂದಹಾಗೆ, ಅಣ್ಣನಿಗೆ ಇಸಿಜಿ ಆಯಿತಾ? ಬೆಡಾಕ್ವಿಲಿನ್, ಮಾಕ್ಸಿ ಎರಡೂ ಹೃದಯದ ಬಡಿತದ ಲಯ ಕೆಡಿಸಬಹುದು, ಅವು ಇರುವಾಗ ಈ ಹೃದಯ ಪರೀಕ್ಷೆಯನ್ನು ಬಿಡುವ ಹಾಗಿಲ್ಲ.