ಭಕ್ತಿಯೋ, ನಿಷ್ಕಾಮ ಸೇವೆಯೋ?

ಜಿಜ್ಞಾಸು: ಗೀತೆಯ 12ನೆಯ ಅಧ್ಯಾಯದ 8ರಿಂದ 11ರವರೆಗಿನ ಶ್ಲೋಕಗಳಲ್ಲಿ ಕೃಷ್ಣನು ಮನಸ್ಸನ್ನು ನನ್ನಲ್ಲೇ ನಿಲ್ಲಿಸು, ಆಗದಿದ್ದರೆ ಅಭ್ಯಾಸ ಮಾಡು, ಅದೂ ಆಗದಿದ್ದರೆ ನನಗಾಗಿ ಕರ್ಮ ಮಾಡು, ಅದಕ್ಕೂ ಅಶಕ್ತನಾದರೆ ಕರ್ಮಫಲವನ್ನಾದರೂ ತ್ಯಜಿಸು ಎನ್ನುತ್ತಾನೆ. ಹಾಗಾದರೆ ನಿಷ್ಕಾಮ ಸೇವೆಯು ಭಕ್ತಿ ಕೈಗೂಡದವರಿಗೆ ಹೇಳಿದ ದಾರಿಯೆ?

ದಾಸಾನುದಾಸ: ಹೌದೆಂದೇ ನನ್ನ ಅಭಿಪ್ರಾಯ. ಭಕ್ತಿಯು ಕರ್ಮ, ಜ್ಞಾನ, ಯೋಗಗಳಿಗಿಂತ ಮಿಗಿಲು, ಏಕೆಂದರೆ ಅದು ತಾನೇ ಫಲಸ್ವರೂಪ ಎಂದು ನಾರದ ಭಕ್ತಿಸೂತ್ರ ಹೇಳುತ್ತದೆ. ದೇವರ ಮೇಲೆ ಪ್ರೀತಿಯಿಲ್ಲದ ಸೇವೆಯಲ್ಲಿ ‘ನಾನು ಮಾಡಿದೆ’ ಎಂಬ ಅಹಂಕಾರ ಸದ್ದಿಲ್ಲದೆ ಬೆಳೆಯುತ್ತದೆ. ಹೊಗಳುವವರಿಲ್ಲದ ದಿನ ಅದರ ಬಣ್ಣ ಬಯಲಾಗುತ್ತದೆ.

ಕಾಯಕಜೀವಿ: ತಾವಿಬ್ಬರೂ 12ನೆಯ ಶ್ಲೋಕಕ್ಕೆ ಮೊದಲೇ ನಿಂತುಬಿಟ್ಟಿರಿ. ಧ್ಯಾನಕ್ಕಿಂತ ಕರ್ಮಫಲತ್ಯಾಗ ಮಿಗಿಲು, ತ್ಯಾಗದಿಂದ ಒಡನೆಯೇ ಶಾಂತಿ ಎಂದು ಅಲ್ಲಿದೆ. ಅಹಂಕಾರವೇನು, ಪೂಜೆಯ ಕೋಣೆಗೂ ಅದು ಧಾರಾಳವಾಗಿ ಬರುತ್ತದೆ. ಸಕಲ ಜೀವಿಗಳಲ್ಲಿರುವ ನನ್ನನ್ನು ಕಡೆಗಣಿಸಿ ಪ್ರತಿಮೆಯನ್ನಷ್ಟೇ ಪೂಜಿಸುವವನು ಬೂದಿಯಲ್ಲಿ ಹೋಮ ಮಾಡುತ್ತಾನೆ ಎಂದು ಭಾಗವತದ 3ನೆಯ ಸ್ಕಂಧದಲ್ಲಿ ಭಗವಂತನ ಅವತಾರನಾದ ಕಪಿಲನು ತಾಯಿ ದೇವಹೂತಿಗೆ ಹೇಳುತ್ತಾನೆ. ಶರಣ ಆಯ್ದಕ್ಕಿ ಮಾರಯ್ಯನಂತೂ ಕಾಯಕದಲ್ಲಿ ನಿರತನಾದವನು ಲಿಂಗಪೂಜೆಯನ್ನೂ ಮರೆಯಬೇಕೆಂದನು. ಜಪಕ್ಕೆ ಕುಳಿತಿರುವಾಗ ಹಾಸಿಗೆ ಹಿಡಿದ ಹಿರಿಯರು ಒಳಗಿನಿಂದ ನೀರು ಕೇಳಿದರೆ, ಮಾಲೆಯನ್ನು ಕೆಳಗಿಟ್ಟು ಎದ್ದುಹೋಗಿ, ಅವರ ತಲೆಯನ್ನು ಎತ್ತಿಹಿಡಿದು ಗುಟುಕು ಗುಟುಕಾಗಿ ಕುಡಿಸುವುದು ಭಕ್ತಿಗೆ ಭಂಗವೆ?

ದಾಸಾನುದಾಸ: ಖಂಡಿತ ಅಲ್ಲ. ಆದರೆ ಅದೇ ಹಿರಿಯರು ರಾತ್ರಿಯಿಡೀ ಕರೆದು, ನೀರು ಗಂಟಲಿಗೆ ಸಿಕ್ಕಿತೆಂದು ಬೈದು, ಲೋಟವನ್ನು ತಳ್ಳಿದಾಗಲೂ ಮತ್ತೆ ಕುಡಿಸಲು ಬೇಕಾದ ಸಹನೆ ಕೇವಲ ಕರ್ತವ್ಯಬುದ್ಧಿಯಿಂದ ಎಷ್ಟು ದಿನ ಉಳಿದೀತು? ಮಾರಯ್ಯನಿಗೆ ಕಾಯಕವೇ ಪೂಜೆಯಾದದ್ದು ಅವನು ಮೊದಲೇ ಶಿವಭಕ್ತನಾಗಿದ್ದರಿಂದ.

ಶಾಸ್ತ್ರಾಭ್ಯಾಸಿ: ಕಾಯಕಜೀವಿಯವರು ಆಧರಿಸಿದ 12ನೆಯ ಶ್ಲೋಕದ ಮಾತು ಫಲತ್ಯಾಗದ ಸ್ತುತಿಯಷ್ಟೇ ಎಂದು ಶಂಕರರ ಭಾಷ್ಯ ಹೇಳುತ್ತದೆ, ಸಾಧಕನಿಗೆ ಅದರಲ್ಲಿ ರುಚಿ ಹುಟ್ಟಲಿ ಎಂಬುದು ಅದರ ಉದ್ದೇಶ. ರಾಮಾನುಜರಿಗೂ ನಿಷ್ಕಾಮ ಕರ್ಮವು ಭಕ್ತಿಗೆ ಸಾಧನ. ಆದರೂ ಮುಂದಿನ ಶ್ಲೋಕವನ್ನೇ ನೋಡಿ: ಭಗವಂತನು ತನಗೆ ಪ್ರಿಯನಾದ ಭಕ್ತನನ್ನು ವರ್ಣಿಸಲು ಹೊರಟಾಗ ಮೊದಲು ಹೇಳುವುದು ಯಾವ ಜೀವಿಯನ್ನೂ ದ್ವೇಷಿಸದಿರುವಿಕೆ, ಮೈತ್ರಿ ಮತ್ತು ಕರುಣೆ. ಪೂಜೆಯ ಪ್ರಸ್ತಾಪವೇ ಅಲ್ಲಿಲ್ಲ.

ದಾಸಾನುದಾಸ: ಒಪ್ಪಿದೆ. ಆದರೆ ಆ ವಾಕ್ಯ ಪೂರ್ಣವಾಗುವುದು 14ನೆಯ ಶ್ಲೋಕದಲ್ಲಿ, ‘ಮನಸ್ಸು ಬುದ್ಧಿಗಳನ್ನು ನನಗೆ ಅರ್ಪಿಸಿದವನು’ ಎಂಬಲ್ಲಿ. ಅದೊಂದನ್ನು ಬಿಟ್ಟರೆ ಉಳಿಯುವವನು ಸಜ್ಜನ, ಭಕ್ತನಲ್ಲ.

ಕಾಯಕಜೀವಿ: ಅಂತಹ ಸಜ್ಜನನನ್ನು ಭಗವಂತನು ಹೊರಗೆ ನಿಲ್ಲಿಸುವನೆಂದು ನಾನು ನಂಬಲಾರೆ.