ಗರ್ಭಕೋಶ ತೆಗೆಸುವಾಗ ಅಂಡಾಶಯ, ಗರ್ಭಕೋಶದ ಬಾಯಿ ಉಳಿಸಬೇಕೇ? ಗ್ರೂಪಿನ ಪ್ರಶ್ನೋತ್ತರ

ಅಡ್ಮಿನ್: ಸ್ತ್ರೀರೋಗ ತಜ್ಞೆ ಡಾಕ್ಟರ್ ಮೇಡಂ 7ರಿಂದ 8ರವರೆಗೆ ಇರ್ತಾರೆ. ಪ್ರಶ್ನೆ ಜತೆ ವಯಸ್ಸು, ಸ್ಕ್ಯಾನಿಂಗ್‌ನಲ್ಲಿ ಏನಿದೆ ಅಂತ ಬರೀರಿ. ವಾಯ್ಸ್ ಮೆಸೇಜ್ ಬೇಡ.

ಸಾಗರದಿಂದ: ವಯಸ್ಸು 44, ಅಡಿನೋಮಯೋಸಿಸ್ (ಒಳಪದರ ಗರ್ಭಕೋಶದ ಗೋಡೆಯೊಳಗೆ ಬೆಳೆಯೋದು). ಗರ್ಭಕೋಶದ ಜತೆ ಅಂಡಾಶಯನೂ ತೆಗೆಸಿಬಿಡಿ ಅಂತಿದಾರೆ. ತೆಗೆಸಲಾ ಮೇಡಂ?

ಡಾಕ್ಟರ್: ಅಂಡಾಶಯ ಚೆನ್ನಾಗಿದ್ದು, ತಾಯಿ ಕಡೆ ತಂದೆ ಕಡೆ ಎರಡೂ ಕಡೆ ಸ್ತನ, ಅಂಡಾಶಯದ ಕ್ಯಾನ್ಸರ್ ಇಲ್ಲದಿದ್ದರೆ ಉಳಿಸಿ. ಮುಟ್ಟು ನಿಲ್ಲುವ ಮೊದಲೇ ಎರಡನ್ನೂ ತೆಗೆದರೆ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ದಿಢೀರನೆ ಕುಸಿಯುತ್ತೆ. ಮೈ ಬಿಸಿಯೇರೋದು, ನಿದ್ದೆ ಕೆಡೋದು ಕಣ್ಣಿಗೆ ಕಾಣುತ್ತೆ. ಮೂಳೆ ಸವೆಯೋದು, ಹೃದಯದ ತೊಂದರೆ ಹೆಚ್ಚೋದು ಕಾಣಲ್ಲ. ಟ್ಯೂಬ್, ಅಂದರೆ ಅಂಡನಾಳ ಮಾತ್ರ ಎರಡೂ ತೆಗೆಸಿ. ಅಂಡಾಶಯದ ಕ್ಯಾನ್ಸರ್ ಅನ್ನೋದರಲ್ಲಿ ಬಹಳಷ್ಟು ಶುರುವಾಗೋದು ಟ್ಯೂಬಿನ ತುದಿಯಲ್ಲಿ. ಅಂಡಾಶಯ ಉಳಿಸಿದರೂ ಅದು ಒಂದೆರಡು ವರ್ಷ ಮುಂಚೆ ಸೋಲಬಹುದು. ಮುಟ್ಟೇ ಇರಲ್ಲವಾದ್ದರಿಂದ ಮೈ ಬಿಸಿ, ರಾತ್ರಿ ಬೆವರಿನಿಂದಲೇ ಗೊತ್ತಾಗಬೇಕು.

ಹೊಸನಗರದಿಂದ: *ಫಾರ್ವರ್ಡ್* ಆಪರೇಷನ್ ಬೇಡವೇ ಬೇಡ! ಅಶೋಕ ಚಕ್ಕೆ, ಮುಟ್ಟಿದರೆ ಮುನಿ ಬೇರು ಕುದಿಸಿ 48 ದಿನ ಕುಡಿಯಿರಿ. ಗಡ್ಡೆ ಕರಗಿ ನೀರಾಗುತ್ತೆ. 10 ಜನಕ್ಕೆ ಕಳಿಸಿ.

ಡಾಕ್ಟರ್: ಫೈಬ್ರಾಯ್ಡ್ ಅಂದ್ರೆ ಸ್ನಾಯುವಿನ ಗಂಟು, ಬೆಲ್ಲದ ಅಚ್ಚಲ್ಲ, ಕಷಾಯಕ್ಕೆ ಕರಗೋಕೆ. 45 ದಾಟಿದವರಿಗೆ ರಕ್ತಸ್ರಾವ ಏರುಪೇರಾದರೆ ಗರ್ಭಕೋಶದ ಒಳಪದರದ ಬಯಾಪ್ಸಿ ಮೊದಲು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತಪಾಸಣೆ. 48 ದಿನ ಕಾಯೋ ಕಾಯಿಲೆ ಅಲ್ಲ ಅದು.

ಭದ್ರಾವತಿಯಿಂದ: ನಂಗೆ 46, ಫೈಬ್ರಾಯ್ಡ್. ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದ ಆಪರೇಷನ್) ಅಂದಿದಾರೆ. ಗರ್ಭಕೋಶದ ಬಾಯಿ ಉಳಿಸಿದ್ರೆ ದಾಂಪತ್ಯಕ್ಕೆ ಒಳ್ಳೇದು, ಮೂತ್ರ ಸೋರಲ್ಲ ಅಂತಾರೆ, ನಿಜವಾ?

ಡಾಕ್ಟರ್: ಉಳಿಸಿದವರನ್ನೂ ತೆಗೆಸಿದವರನ್ನೂ ಹೋಲಿಸಿ ನೋಡಿದ್ದಾರೆ. ದಾಂಪತ್ಯದಲ್ಲಾಗಲಿ, ಮೂತ್ರ ಮಲದ ಹಿಡಿತದಲ್ಲಾಗಲಿ ಹೇಳಿಕೊಳ್ಳೋ ವ್ಯತ್ಯಾಸ ಸಿಕ್ಕಿಲ್ಲ. ಉಳಿಸಿದರೆ ನೂರರಲ್ಲಿ ಐದರಿಂದ ಹತ್ತು ಜನಕ್ಕೆ ತಿಂಗಳು ತಿಂಗಳು ಸ್ವಲ್ಪ ರಕ್ತ ಕಾಣುತ್ತೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ನೋಡೋ ಪ್ಯಾಪ್ ಸ್ಮಿಯರ್ ಪರೀಕ್ಷೆ ತಪ್ಪಲ್ಲ. ಇನ್ನೊಂದು, ಇದನ್ನ ಯಾರೂ ಕೇಳಲ್ಲ: ಬಾಯಿ ತೆಗೆದರೆ ಗರ್ಭಕೋಶವನ್ನ ಯೋನಿಯ ದಾರಿಯಲ್ಲಿ ಹೊರತೆಗೀಬಹುದು. ಉಳಿಸಿದರೆ ಆ ದಾರಿ ಮುಚ್ಚಿದ ಹಾಗೆ, ಹೊಟ್ಟೆಯೊಳಗೇ ತುಂಡು ಮಾಡಬೇಕು. ಗಡ್ಡೆಯಲ್ಲಿ ಅಪರೂಪಕ್ಕೆ ಸಾರ್ಕೋಮಾ ಅನ್ನೋ ಕ್ಯಾನ್ಸರ್ ಅಡಗಿದ್ದರೆ ಆ ಚೂರು ಹೊಟ್ಟೆ ತುಂಬ ಹರಡುತ್ತೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದೆ. ಚೀಲದೊಳಗಿಟ್ಟು ತುಂಡು ಮಾಡ್ತೀರಾ ಅಂತ ಕೇಳಿ. ಹಳೇ ಸಿಸೇರಿಯನ್‌ನಿಂದ ಮೂತ್ರಕೋಶ ಅಂಟಿಕೊಂಡಿದ್ದರೆ ಬಾಯಿ ಉಳಿಸೋದೇ ಕ್ಷೇಮ. ಪ್ಯಾಪ್ ಸ್ಮಿಯರ್‌ನಲ್ಲಿ ದೋಷ ಇದ್ದರೆ ಉಳಿಸಲೇಬಾರದು.

ಶಿರಾಳಕೊಪ್ಪದಿಂದ: ಅಂಡಾಶಯ ಉಳಿಸ್ಬೇಕಾ ಮೇಡಂ? 42.

ಡಾಕ್ಟರ್: ಸಾಗರದವರಿಗೆ ಬರೆದದ್ದು ಓದಿ.

ತೀರ್ಥಹಳ್ಳಿಯಿಂದ: ವಯಸ್ಸು 43. 9 ಸೆಂಟಿಮೀಟರ್ ಫೈಬ್ರಾಯ್ಡ್, ಹಿಮೋಗ್ಲೋಬಿನ್ 7.8. ಸೋಮವಾರ ಆಪರೇಷನ್. ಅಂಡಾಶಯ ಬಿಡ್ತೀವಿ ಅಂದಿದಾರೆ. ಅಮ್ಮನಿಗೆ 46ಕ್ಕೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರಾಮಾಗಿದಾರೆ. ಚಿಕ್ಕಮ್ಮ (ಅಮ್ಮನ ತಂಗಿ) ಅಂಡಾಶಯದ ಕ್ಯಾನ್ಸರ್‌ನಲ್ಲಿ ತೀರಿಕೊಂಡ್ರು. ಇದನ್ನ ಅಲ್ಲಿ ಯಾರೂ ಕೇಳ್ಲಿಲ್ಲ.

ಡಾಕ್ಟರ್: ನಿಲ್ಲಿ. ಸಾಗರದವರಿಗೆ ಹೇಳಿದ್ದು ನಿಮಗೆ ಅನ್ವಯಿಸಲ್ಲ.

ಸಾಮಾನ್ಯ ಹೆಂಗಸಿಗೆ ಇಡೀ ಆಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಬರೋ ಸಂಭವ ನೂರಕ್ಕೆ ಒಂದರ ಆಸುಪಾಸು. ಬಿಆರ್‌ಸಿಎ1 ಜೀನ್‌ನಲ್ಲಿ ವಂಶದಿಂದ ಬಂದ ದೋಷ ಇದ್ದರೆ ನೂರಕ್ಕೆ 40ರ ಹತ್ತಿರ. ಬಿಆರ್‌ಸಿಎ2 ಆದರೆ ಅದಕ್ಕಿಂತ ಕಡಿಮೆ, ಆದರೂ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು. ಅಮ್ಮನ ಹಳೇ ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್, ಪಿಆರ್, ಹರ್2 ಅಂತ ಮೂರು ಸಾಲು (ಕ್ಯಾನ್ಸರ್ ಯಾವ ಬಗೆ ಅಂತ ತಿಳಿಸೋ ಪರೀಕ್ಷೆಗಳು) ಇರುತ್ತೆ. ಹುಡುಕಿ ಬರೀರಿ.

ಜೀನ್ ಪರೀಕ್ಷೆ ಮೊದಲು ಅಮ್ಮನಿಗೆ, ನಿಮಗಲ್ಲ. ಕಾಯಿಲೆ ಬಂದವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರಾಯ್ತು. ಅದು ಇಲ್ಲ ಅಂತ ಬಂದರೆ ನಿಜವಾಗಿ ನಿಶ್ಚಿಂತೆ. ಅಮ್ಮನನ್ನ ಬಿಟ್ಟು ನಿಮಗೆ ಮಾತ್ರ ಮಾಡಿಸಿ ನೆಗೆಟಿವ್ ಬಂದರೆ ಆ ಮಾತು ಹೇಳೋಕಾಗಲ್ಲ. ನಿಮಗೆ ಘಾಟಿ ಇಳಿದರೆ ಮಣಿಪಾಲ, ಅಲ್ಲಿ ಜೆನೆಟಿಕ್ಸ್ ವಿಭಾಗವೇ ಇದೆ.

ದೋಷ ಇದ್ದರೆ ಟ್ಯೂಬು, ಅಂಡಾಶಯ ಎರಡೂ ಕಡೆ ಪೂರ್ತಿ ತೆಗೀಬೇಕು, ಟ್ಯೂಬಿನ ತುದಿಯನ್ನ ಪೆಥಾಲಜಿ ಲ್ಯಾಬಿನವರು ಸಣ್ಣ ಸಣ್ಣ ಹೋಳು ಮಾಡಿ ನೋಡಬೇಕು. ಇದನ್ನ ಮೊದಲೇ ಲ್ಯಾಬಿಗೆ ಕಳಿಸೋ ಫಾರಂನಲ್ಲಿ ಬರೆಸದಿದ್ದರೆ ಒಂದು ತುಂಡು ನೋಡಿ ಮುಗಿಸ್ತಾರೆ. ಆಮೇಲೆ ಈಸ್ಟ್ರೋಜನ್ ಕೊಡೋದು ನಿಮ್ಮ ಸ್ತನ ಪರೀಕ್ಷೆ ನೋಡಿ ತೀರ್ಮಾನ.

ಶಿಕಾರಿಪುರದಿಂದ, ನಿವೃತ್ತ ನರ್ಸ್: ಆಪರೇಷನ್ ಒಪ್ಪಿಗೆ ಫಾರಂ ಬಗ್ಗೆ ಎಲ್ರೂ ಕೇಳಿಸ್ಕೊಳ್ಳಿ. "ಗರ್ಭಕೋಶದ ಆಪರೇಷನ್" ಅಂತ ಒಂದೇ ಸಾಲಿದ್ರೆ ಸಹಿ ಹಾಕ್ಬೇಡಿ. ಗರ್ಭಕೋಶ, ಬಾಯಿ, ಎಡ ಬಲ ಟ್ಯೂಬ್, ಎಡ ಬಲ ಅಂಡಾಶಯ, ಪ್ರತಿಯೊಂದರ ಮುಂದೆ ತೆಗೆಯೋದು ಇಲ್ಲಾ ಬಿಡೋದು ಅಂತ ಬರೆಸಿ.

ಹೊಸನಗರದಿಂದ: ಅಷ್ಟೆಲ್ಲ ಕೇಳಿದ್ರೆ ಬೇರೆ ಕಡೆ ಹೋಗಿ ಅಂತಾರೆ. ದುಡ್ಡಿಗೋಸ್ಕರ ಕೊಯ್ಯೋರು ನೀವು. ಆಯುರ್ವೇದ ಅಂದ್ರೆ ತಾತ್ಸಾರ.

ಶಿಕಾರಿಪುರದಿಂದ: ದುಡ್ಡಿಗೆ ಕೊಯ್ಯೋರಿದ್ದಾರೆ, ಇಲ್ಲ ಅಂತ ಯಾರಂದ್ರು? ಅದಕ್ಕೇ ಫಾರಂ ಓದಿ ಅಂದಿದ್ದು. ನಿಮ್ಮ ಫಾರ್ವರ್ಡ್ ಬರೆದೋರು ಯಾವ ವೈದ್ಯರು, ಹೆಸರು ಹೇಳಿ ನೋಡೋಣ.

ಹೊಸನಗರದಿಂದ: ಹಿರಿಯರ ಜ್ಞಾನಕ್ಕೆ ಹೆಸರು ಬೇಕಾ?

ಶಿಕಾರಿಪುರದಿಂದ: 10 ಜನಕ್ಕೆ ಕಳಿಸಿ ಅಂತ ಹಿರಿಯರು ಹೇಳಿದ್ರಾ?

ಸೊರಬದಿಂದ: ಆಪರೇಷನ್ ಆಗಿ 4 ವಾರ. ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮೇಲೆ ಕೂರಬಹುದಾ?

ಅಡ್ಮಿನ್: ಜಗಳ ಸಾಕು. ಪ್ರಶ್ನೆ ಮಾತ್ರ.

ರಿಪ್ಪನ್‌ಪೇಟೆಯಿಂದ: ಮೇಡಂ, ಅಂಡಾಶಯ ಉಳಿಸೋದಾ ತೆಗೆಸೋದಾ?

ಡಾಕ್ಟರ್: ಮೂರನೇ ಸಲ. ಮೇಲೆ ಇದೆ.

ತೀರ್ಥಹಳ್ಳಿಯಿಂದ: ಫೈಲ್ ಸಿಕ್ತು ಮೇಡಂ. ಮೂರೂ ನೆಗೆಟಿವ್ ಅಂತಿದೆ. ನೆಗೆಟಿವ್ ಅಂದ್ರೆ ಒಳ್ಳೇದಲ್ವಾ?

ಡಾಕ್ಟರ್: ಇಲ್ಲಿ ಅಲ್ಲ. ಮೂರೂ ನೆಗೆಟಿವ್ ಇರೋ ಸ್ತನ ಕ್ಯಾನ್ಸರ್, ಅದೂ 46ಕ್ಕೆ ಅಂದರೆ ಬಿಆರ್‌ಸಿಎ1 ಅನುಮಾನ ಬಲವಾಗುತ್ತೆ. ಬೆಳಿಗ್ಗೆ ನಿಮ್ಮ ಡಾಕ್ಟರಿಗೆ ಫೈಲ್ ತೋರಿಸಿ, ಸೋಮವಾರದ ದಿನ ಮುಂದೂಡಲು ಹೇಳಿ. ಗಡ್ಡೆ ಓಡಿಹೋಗಲ್ಲ. 7.8ರಲ್ಲಿ ಆಪರೇಷನ್‌ಗೆ ಮಲಗೋದೂ ಸರಿಯಲ್ಲ. ರಕ್ತನಾಳಕ್ಕೆ ಕಬ್ಬಿಣಾಂಶದ ಡ್ರಿಪ್ ಹಾಕಿಸಿದರೆ ಮೂರು ನಾಲ್ಕು ವಾರದಲ್ಲಿ ರಕ್ತ ಏರುತ್ತೆ. ಜೀನ್ ರಿಪೋರ್ಟಿಗೂ ಹೆಚ್ಚುಕಮ್ಮಿ ಅಷ್ಟೇ ದಿನ ಬೇಕು. ಅಲ್ಲೀವರೆಗೆ ಸ್ರಾವದ ದಿನಗಳಲ್ಲಿ ಮಾತ್ರ ರಕ್ತಸ್ರಾವ ತಗ್ಗಿಸೋ ಟ್ರಾನೆಕ್ಸಾಮಿಕ್ ಆಸಿಡ್, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದೂ ಬೇಡ. ಗಂಟೆಗೊಂದು ಪ್ಯಾಡ್ ತೋಯ್ದರೆ, ತಲೆ ಸುತ್ತಿದರೆ ಇದ್ಯಾವುದಕ್ಕೂ ಕಾಯದೆ ಆಸ್ಪತ್ರೆಗೆ ಹೋಗಿ.

ತೀರ್ಥಹಳ್ಳಿಯಿಂದ: ಅಮ್ಮ ರಕ್ತ ಪರೀಕ್ಷೆಗೆ ಒಪ್ಪದಿದ್ರೆ?

ಡಾಕ್ಟರ್: ಆಗ ನಿಮ್ಮದೇ ಕೊಡಿ, ಪೂರ್ತಿ ಪ್ಯಾನೆಲ್, ಅಂದರೆ ಸಂಬಂಧಪಟ್ಟ ಜೀನ್ ಎಲ್ಲ ಒಟ್ಟಿಗೆ ನೋಡೋದು. ಆದರೆ ಮೊದಲು ಅಮ್ಮನ ಹತ್ತಿರ ಕೂತು ಮಾತಾಡಿ.

ಹೊಸನಗರದಿಂದ: *ಫಾರ್ವರ್ಡ್* ಅಗಸೆ ಬೀಜ ನೆನೆಸಿ

ಅಡ್ಮಿನ್: ಈ ಮೆಸೇಜ್ ತೆಗೆದಿದ್ದೇನೆ.

ಸೊರಬದಿಂದ: ಮೇಡಂ, ಮೆಟ್ಟುಗತ್ತಿ?