ಗ್ರಾಹಕರ ಲುವಾ ಸ್ಕ್ರಿಪ್ಟ್: ಬೀಮ್ ಒಳಗೇ ಓಡಿಸಬೇಕೇ, ಹೊರಗಿಡಬೇಕೇ?

ತಂತಿಜಾಲ
ಎರ್ಲಾಂಗ್ ಭಾಷೆಯಲ್ಲಿ ಬರೆದ, ಬೀಮ್ (ಎರ್ಲಾಂಗ್ ಕೋಡ್ ಓಡಿಸುವ ವರ್ಚುವಲ್ ಮಷೀನ್) ಮೇಲೆ ಓಡುವ ಮೆಸೇಜ್ ಗೇಟ್‌ವೇ ನಮ್ಮದು. ಸುಮಾರು 400 ಗ್ರಾಹಕರು, ಒಬ್ಬೊಬ್ಬರಿಗೆ ಸೆಕೆಂಡಿಗೆ 50 ಮೆಸೇಜ್‌ವರೆಗೆ. ಪ್ರತಿ ಗ್ರಾಹಕರೂ ತಮ್ಮದೇ ನಿಯಮವನ್ನು ಲುವಾ ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದುಕೊಳ್ಳಬೇಕು: ಮೆಸೇಜ್ ನೋಡಿ ಬಿಡಬೇಕೋ ತಡೆಯಬೇಕೋ ಹೇಳುವ 20–50 ಸಾಲಿನ ಸ್ಕ್ರಿಪ್ಟ್. ಸಿ ಲುವಾ (ಸಿ ಭಾಷೆಯಲ್ಲಿ ಬರೆದ ಮೂಲ ಲುವಾ) 5.4 ಅನ್ನು ನಿಫ್ (ಬೀಮ್ ನೇರವಾಗಿ ಕರೆಯುವ ಸಿ ಫಂಕ್ಷನ್) ಆಗಿ ಕೂರಿಸುವುದು, ಎರ್ಲಾಂಗ್‌ನಲ್ಲೇ ಬರೆದಿರುವ ಲುವರ್ಲ್ ಎಂಬ ಲುವಾ ಇಂಟರ್‌ಪ್ರಿಟರ್ ಬಳಸುವುದು, ಪೋರ್ಟ್ (ಹೊರಗಿನ ಪ್ರೋಗ್ರಾಂ ಜೊತೆ ಮಾತಾಡುವ ಎರ್ಲಾಂಗ್ ಸಂಪರ್ಕ) ಮೂಲಕ ಬೇರೆ ಪ್ರೋಗ್ರಾಂ ಆಗಿ ಓಡಿಸುವುದು, ಈ ಮೂರು ದಾರಿ ಕಾಣುತ್ತಿವೆ. ವೇಗ ನೋಡಿದರೆ ನಿಫ್ ಕಡೆಗೇ ಮನಸ್ಸು. ಒಂದೇ ಷರತ್ತು: ಒಬ್ಬರ ಸ್ಕ್ರಿಪ್ಟ್ ಕೆಟ್ಟರೆ ಇನ್ನೊಬ್ಬರ ಸಂಪರ್ಕ ಕಡಿಯಬಾರದು.

ನಾಲೆನೀರು
ಆ ಷರತ್ತು ನಿಜವಾಗಿದ್ದರೆ ನಿಫ್ ಬೇಡ. ನಿಫ್ ಕೋಡ್ ಓಡುವುದು ಬೀಮ್ ಇರುವ ಅದೇ ಓಎಸ್ ಪ್ರೊಸೆಸ್‌ನಲ್ಲಿ. ಅಲ್ಲೊಂದು ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಬೀಳುವುದು) ಆದರೆ ಇಡೀ ನೋಡ್, ಅಂದರೆ ಓಡುತ್ತಿರುವ ಬೀಮ್ ಪೂರ್ತಿ, ಹೋಗುತ್ತದೆ. ಬಿದ್ದ ಪ್ರೊಸೆಸ್‌ಗಳನ್ನು ಮತ್ತೆ ಶುರು ಮಾಡುವ ಸೂಪರ್‌ವೈಸರ್ ಎತ್ತಿ ನಿಲ್ಲಿಸುತ್ತದೆ ಎನ್ನೋಣವೆಂದರೆ ಆ ಸೂಪರ್‌ವೈಸರೂ ಜೊತೆಗೇ ಹೋಗಿರುತ್ತದೆ.

ಕ್ರ್ಯಾಶ್ ಆಗದಿದ್ದರೂ ಸಮಯದ ತೊಂದರೆ ಇದೆ. ಬೀಮ್ ತನ್ನೊಳಗಿನ ಒಂದು ಹಗುರ ಪ್ರೊಸೆಸ್‌ಗೆ ಸರದಿಯೊಂದಕ್ಕೆ 4000 ರಿಡಕ್ಷನ್ (ಕೆಲಸದ ಹೆಜ್ಜೆ) ಕೊಟ್ಟು, ಮುಗಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಸಿ ಕೋಡ್ ಈ ಲೆಕ್ಕಕ್ಕೆ ಬರುವುದಿಲ್ಲ, ಅದು ತಾನಾಗಿ ಹಿಂತಿರುಗುವವರೆಗೆ ಸರದಿ ಹಂಚುವ ಶೆಡ್ಯೂಲರ್ ಥ್ರೆಡ್ ಕಾಯಬೇಕು. ಆದ್ದರಿಂದಲೇ ನಿಫ್ 1 ಮಿಲಿಸೆಕೆಂಡ್ ಒಳಗೆ ಮುಗಿಯಬೇಕೆಂಬ ನಿಯಮ. 8 ಶೆಡ್ಯೂಲರ್ ಇರುವ ಯಂತ್ರದಲ್ಲಿ ಕೊನೆಯಿಲ್ಲದ ಲೂಪ್ ಇರುವ 8 ಸ್ಕ್ರಿಪ್ಟ್ ಸಾಕು, ನೋಡ್ ಮಾತೇ ಆಡುವುದಿಲ್ಲ.

ಕಬ್ಬಿಣದ_ಕಡಲೆ
ಇಷ್ಟಕ್ಕೇ ನಿಫ್ ಕೈಬಿಡಬೇಕಿಲ್ಲ. ಒಟಿಪಿ (ಎರ್ಲಾಂಗ್ ಬಿಡುಗಡೆ) 20ರಿಂದ ಉದ್ದ ಕೆಲಸಗಳಿಗೇ ಮೀಸಲಾದ ಡರ್ಟಿ ಶೆಡ್ಯೂಲರ್ ತಾನಾಗೇ ಸಿಗುತ್ತೆ, ನಿಫ್ ಅನ್ನು ಅಲ್ಲಿಗೆ ಹಾಕಿದರೆ ಮಾಮೂಲು ಶೆಡ್ಯೂಲರ್‌ಗಳಿಗೆ ತೊಂದರೆ ಇಲ್ಲ. ಲುವಾ ಕಡೆಯಿಂದಲೂ ಹತೋಟಿ ಇದೆ. ಸ್ಟೇಟ್ (ಸ್ಕ್ರಿಪ್ಟ್ ಓಡುವ ಲುವಾ ಪರಿಸರ) ಸೃಷ್ಟಿಸುವಾಗ ಮೆಮೊರಿ ಹಂಚುವ ನಮ್ಮದೇ ಅಲೋಕೇಟರ್ ಕೊಟ್ಟು 4 ಎಂಬಿ ದಾಟಿದರೆ ನಲ್ ಹಿಂತಿರುಗಿಸಿ, ಲುವಾ ಅದನ್ನು ಮೆಮೊರಿ ಎರರ್ ಆಗಿ ಎತ್ತುತ್ತೆ. ಪ್ರತಿ 1000 ಇನ್‌ಸ್ಟ್ರಕ್ಷನ್‌ಗೆ ಲುವಾ ತಾನೇ ಕರೆಯುವ ಒಂದು ಕೌಂಟ್ ಹುಕ್ ಫಂಕ್ಷನ್ ಇಟ್ಟು, ಗಡುವು ಮೀರಿತಾ, ಕರೆದ ಪ್ರೊಸೆಸ್ ಇನ್ನೂ ಬದುಕಿದೆಯಾ ಅಂತ ನೋಡಿ, ಗಡುವು ಮೀರಿದ್ದರೆ ಅಥವಾ ಪ್ರೊಸೆಸ್ ಸತ್ತಿದ್ದರೆ ಹುಕ್ ಒಳಗಿಂದಲೇ ಎರರ್ ಎಸೆಯಿರಿ. ಒಂದು ಲುವಾ ಸ್ಟೇಟ್ ಅನ್ನು ಒಂದು ಹೊತ್ತಿಗೆ ಒಂದೇ ಥ್ರೆಡ್ ಮುಟ್ಟಬೇಕು, ಅದಕ್ಕೆ ಮ್ಯೂಟೆಕ್ಸ್ ಎಂಬ ಬೀಗ.

ಬಹಳ ಜನ ಎಡವೋದು ಪಿ-ಕಾಲ್ (ಒಳಗೆ ಎರರ್ ಬಂದರೆ ಹಿಡಿಯುವ ಲುವಾ ಕರೆ) ವಿಷಯದಲ್ಲಿ. ಸ್ಕ್ರಿಪ್ಟನ್ನು ಪಿ-ಕಾಲ್ ಒಳಗೇ ಓಡಿಸ್ತಾರೆ, ಆದರೆ ಎರ್ಲಾಂಗ್ ಟರ್ಮ್ (ಮೌಲ್ಯ) ಅನ್ನು ಲುವಾ ಟೇಬಲ್ ಮಾಡುವ ಕೆಲಸವನ್ನು ಅದರ ಹೊರಗೆ ಮಾಡ್ತಾರೆ. ಸ್ಟ್ರಿಂಗ್ ತಳ್ಳುವಾಗಲೂ ಮೆಮೊರಿ ಎರರ್ ಬರಬಹುದು. ಪಿ-ಕಾಲ್ ಇಲ್ಲದ ಕಡೆ ಬಂದರೆ ಪ್ಯಾನಿಕ್, ಪ್ಯಾನಿಕ್ ಆದಮೇಲೆ ಅಬಾರ್ಟ್, ನೋಡ್ ಖಾಲಿ. ಪರಿವರ್ತನೆಯನ್ನೂ ಒಂದು ಸಿ ಫಂಕ್ಷನ್ ಮಾಡಿ, ಅದನ್ನೇ ಪಿ-ಕಾಲ್ ಮೂಲಕ ಕರೆಯಬೇಕು. ಮ್ಯೂಟೆಕ್ಸ್ ಹಿಡಿಯೋದು, ಬಿಡೋದು ಎರಡೂ ಪಿ-ಕಾಲ್ ಹೊರಗೇ ಇರಲಿ. ಒಳಗೆ ಹಿಡಿದರೆ ಎರರ್ ಬಂದಾಗ ಲಾಂಗ್‌ಜಂಪ್ (ಸಿ ಕೋಡ್‌ನ ನೆಗೆತ) ಮ್ಯೂಟೆಕ್ಸ್ ಬಿಡುವ ಸಾಲನ್ನು ದಾಟಿ ಹೋಗುತ್ತೆ.

ನಾಲೆನೀರು
ಪಿ-ಕಾಲ್ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಹುಕ್ ಮಾತ್ರ ನೀವು ನಂಬಿದಷ್ಟು ಗಟ್ಟಿಯಲ್ಲ. ಅದು ಲೆಕ್ಕ ಹಾಕುವುದು ಲುವಾ ಇನ್‌ಸ್ಟ್ರಕ್ಷನ್‌ಗಳನ್ನು. ಸ್ಟ್ರಿಂಗ್ ಲೈಬ್ರರಿಯ ‘ಫೈಂಡ್’ ಒಳಗೆ ಹೊಕ್ಕ ಮೇಲೆ ನಡೆಯುವುದೆಲ್ಲ ಸಿ. ‘ಎ ಅಕ್ಷರ ಎಷ್ಟಾದರೂ ಬರಲಿ’ ಎಂಬ ಪ್ಯಾಟರ್ನ್ ತುಣುಕನ್ನು 20 ಸಲ ಜೋಡಿಸಿ, ಕೊನೆಗೆ ಒಂದು ಬಿ ಇಟ್ಟು, ಎ ಅಕ್ಷರವೊಂದೇ ತುಂಬಿರುವ 50 ಅಕ್ಷರದ ಸಾಲಿನ ಮೇಲೆ ಬಿಡಿ. ಹಿಂದೆ ಮುಂದೆ ಹೊರಳಿ ಹುಡುಕುತ್ತಲೇ ಇರುತ್ತದೆ, ಹುಕ್‌ಗೆ ಒಮ್ಮೆಯೂ ಸರದಿ ಬರುವುದಿಲ್ಲ. ಎರ್ಲಾಂಗ್ ಕಡೆಯಿಂದ ಪ್ರೊಸೆಸ್ ಕೊಂದರೂ ಡರ್ಟಿ ಥ್ರೆಡ್ ಬಿಡುಗಡೆಯಾಗುವುದಿಲ್ಲ.

ಡರ್ಟಿ ಸಿಪಿಯು ಶೆಡ್ಯೂಲರ್‌ಗಳ ಸಂಖ್ಯೆ ಮಾಮೂಲು ಶೆಡ್ಯೂಲರ್‌ಗಳಷ್ಟೇ. ಅವು ತುಂಬಿದರೆ ನಿಲ್ಲುವುದು ಸ್ಕ್ರಿಪ್ಟ್‌ಗಳು ಮಾತ್ರವಲ್ಲ. ದೊಡ್ಡ ಹೀಪ್ (ಪ್ರೊಸೆಸ್‌ನ ಸ್ವಂತ ಮೆಮೊರಿ) ಇರುವ ಪ್ರೊಸೆಸ್‌ಗಳ ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿ ತೆರವು) ಕೂಡ ಅಲ್ಲೇ ನಡೆಯುತ್ತದೆ. ಸ್ಕ್ರಿಪ್ಟ್‌ಗೂ ತಮಗೂ ಸಂಬಂಧವೇ ಇಲ್ಲದ ಪ್ರೊಸೆಸ್‌ಗಳು ಸಾಲಿನಲ್ಲಿ ನಿಂತುಬಿಡುತ್ತವೆ.

ಕಬ್ಬಿಣದ_ಕಡಲೆ
ಒಪ್ಪಿದೆ, ಪ್ಯಾಟರ್ನ್ ವಿಷಯ ನನ್ನ ಲೆಕ್ಕದಲ್ಲಿರಲಿಲ್ಲ. ಹಾಗಾದರೆ ಫೈಂಡ್, ಮ್ಯಾಚ್, ಜಿ-ಮ್ಯಾಚ್, ಜಿ-ಸಬ್ ನಾಲ್ಕನ್ನೂ ತೆಗೆದು, ಹೆಜ್ಜೆ ಎಣಿಸುವ ಬೇರೆ ಮ್ಯಾಚರ್ ಬರೆಯಬೇಕು. ಲುವಾವನ್ನು ಓಡುವಾಗಲೇ ಯಂತ್ರಭಾಷೆಗೆ ತಿರುಗಿಸುವ (ಜಿಟ್) ಲುವಾಜಿಟ್ ಹಾಕೋಣ ಅನ್ನೋರಿಗೂ ಒಂದು ಮಾತು: ಜಿಟ್ ಆಗಿರುವ ಕೋಡ್‌ನಲ್ಲಿ ಮಾಮೂಲು ಬಿಲ್ಡ್ ಹುಕ್ ಅನ್ನು ನೋಡೋದೇ ಇಲ್ಲ. ಸ್ಕ್ರಿಪ್ಟ್ ನಮ್ಮ ತಂಡದ್ದೇ ಆಗಿದ್ದರೆ ಈಗಲೂ ನಿಫ್ ಅಂತೀನಿ. ಗ್ರಾಹಕರದ್ದಾದರೆ ಬೇಡ.

ಹಿತ್ತಲಗಿಡ
ಲುವರ್ಲ್ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಎರ್ಲಾಂಗ್ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಬರ್ಟ್ ವಿರ್ಡಿಂಗ್ ಬರೆದದ್ದು, ಲುವಾ 5.3ರ ಭಾಷೆ. ಅಪ್ಪಟ ಎರ್ಲಾಂಗ್ ಆಗಿರುವುದರಿಂದ ಸ್ಕ್ರಿಪ್ಟ್‌ನ ಪ್ರತಿ ಹೆಜ್ಜೆಗೂ ರಿಡಕ್ಷನ್ ಲೆಕ್ಕ ಬೀಳುತ್ತೆ, ಮೇಲಿನ ಕೆಟ್ಟ ಪ್ಯಾಟರ್ನ್‌ಗೂ ಕೂಡ. ಅದರ ಪ್ರೊಸೆಸ್‌ಗೆ ‘ಕಿಲ್’ ಕಳಿಸಿದರೆ ಸಾಯುತ್ತೆ. ವರ್ನ್‌ಎಂಕ್ಯೂ ಎಂಬ ಮೆಸೇಜ್ ಬ್ರೋಕರ್ ತನ್ನ ಲುವಾ ಪ್ಲಗಿನ್‌ಗಳಿಗೆ ಇದನ್ನೇ ಬಳಸುತ್ತೆ, ನಿಮ್ಮದೂ ಹೆಚ್ಚುಕಡಿಮೆ ಅದೇ ಕೆಲಸ.

ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಲುವಾ ಸ್ಟೇಟ್ ಇಲ್ಲಿ ಒಂದು ಎರ್ಲಾಂಗ್ ಮೌಲ್ಯ ಅನ್ನೋದು. ಸ್ಟೇಟ್ ಕೊಟ್ಟರೆ ಉತ್ತರದ ಜೊತೆ ಹೊಸ ಸ್ಟೇಟ್ ವಾಪಸ್ ಬರುತ್ತೆ. ಸ್ಕ್ರಿಪ್ಟ್ ಅರ್ಧದಲ್ಲಿ ಎರರ್ ಕೊಟ್ಟರೆ ಹೊಸದನ್ನು ಬಿಟ್ಟು ಹಳೆಯದನ್ನೇ ಇಟ್ಟುಕೊಳ್ಳಿ, ಏನೂ ನಡೆದೇ ಇಲ್ಲ ಎಂಬಂತೆ ಮುಂದುವರಿಯಬಹುದು. ಸಿ ಲುವಾದಲ್ಲಿ ಅರ್ಧ ಬದಲಾದ ಟೇಬಲ್ ಹಾಗೇ ಉಳಿದುಬಿಡುತ್ತೆ.

ಸ್ಕ್ರಿಪ್ಟನ್ನು ಒಮ್ಮೆ ಲೋಡ್ ಮಾಡಿಟ್ಟು, ಪ್ರತಿ ಮೆಸೇಜ್‌ಗೂ ಅದರ ಫಂಕ್ಷನ್ ಮಾತ್ರ ಕರೆಯಿರಿ. ಪ್ರತಿ ಸಲ ಸ್ಕ್ರಿಪ್ಟ್ ಪಠ್ಯವನ್ನೇ ಓಡಿಸುವ ‘ಡೂ’ ಕರೆದರೆ ಪಾರ್ಸಿಂಗ್ ಕೂಡ ಪ್ರತಿ ಸಲ. ಜೊತೆಗೆ ಬರುವ ಸ್ಯಾಂಡ್‌ಬಾಕ್ಸ್ ಮಾಡ್ಯೂಲ್‌ನಲ್ಲಿ ಸಮಯಕ್ಕೂ ರಿಡಕ್ಷನ್‌ಗೂ ಮಿತಿ ಹಾಕಬಹುದು. ಫೈಲ್ ಮುಟ್ಟುವ, ಪ್ರೋಗ್ರಾಂ ಓಡಿಸುವ ಫಂಕ್ಷನ್‌ಗಳನ್ನು ಅದೇ ಮುಚ್ಚುತ್ತೆ.

ನಾಲೆನೀರು
ಲುವರ್ಲ್ ನನ್ನ ಆಯ್ಕೆಯೂ ಹೌದು, ಅದರ ಹಳ್ಳಗಳನ್ನೂ ತಿಳಿದಿರಬೇಕು. ಟೇಬಲ್‌ಗಳು ಸ್ಟೇಟ್ ಒಳಗೆ ಸಂಖ್ಯೆ ಹೊತ್ತು ಕೂತಿರುತ್ತವೆ. ಸ್ಕ್ರಿಪ್ಟ್‌ಗೆ ಬೇಡವಾದರೂ ಬೀಮ್ ಕಣ್ಣಿಗೆ ಅವು ಬೇಕಾದವೇ. ಲುವರ್ಲ್‌ನ ‘ಜಿಸಿ’ (ಗಾರ್ಬೇಜ್ ಕಲೆಕ್ಷನ್) ಫಂಕ್ಷನನ್ನು ನೀವೇ ಕರೆಯದಿದ್ದರೆ ಸ್ಟೇಟ್ ಬೆಳೆಯುತ್ತಲೇ ಹೋಗುತ್ತದೆ. ಪ್ರತಿ ಮೆಸೇಜ್ ಮೂಲ ಸ್ಟೇಟ್‌ನಿಂದಲೇ ಶುರುವಾಗಿ ಕೊನೆಗೆ ಬಿಸಾಡುವುದಾದರೆ ಈ ಚಿಂತೆಯಿಲ್ಲ. ಸ್ಕ್ರಿಪ್ಟ್ ಮೆಸೇಜ್‌ಗಳ ನಡುವೆ ಎಣಿಕೆ ಇಟ್ಟುಕೊಳ್ಳುತ್ತದಾದರೆ ಇಷ್ಟು ಮೆಸೇಜ್‌ಗೊಮ್ಮೆ ಎಂದು ಗೊತ್ತು ಮಾಡಿ ಕರೆಯಲೇಬೇಕು.

ಮೆಮೊರಿ ಮಿತಿಗೆ ಪ್ರೊಸೆಸ್ ಮೇಲೆ ಗರಿಷ್ಠ ಹೀಪ್ ಗಾತ್ರ ಹಾಕಿ. ಅಳತೆ ಬೈಟ್‌ನಲ್ಲಲ್ಲ, ವರ್ಡ್‌ನಲ್ಲಿ: 64 ಬಿಟ್ ಯಂತ್ರದಲ್ಲಿ ಒಂದು ವರ್ಡ್ 8 ಬೈಟ್, 10 ಎಂಬಿ ಎಂದರೆ 13,10,720. ಅದನ್ನು ನೋಡುವುದೂ ಗಾರ್ಬೇಜ್ ಕಲೆಕ್ಷನ್ ವೇಳೆಯಲ್ಲಿ ಮಾತ್ರ. ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಲುವರ್ಲ್‌ನಲ್ಲಿ ಸ್ಟ್ರಿಂಗ್ ಎಂದರೆ ಎರ್ಲಾಂಗ್ ಬೈನರಿ (ಬೈಟ್‌ಗಳ ಸಾಲು), 64 ಬೈಟ್ ಮೀರಿದ ಬೈನರಿ ಪ್ರೊಸೆಸ್ ಹೀಪ್‌ನ ಹೊರಗಿರುತ್ತದೆ. ಒಂದು ಅಕ್ಷರದ ಸ್ಟ್ರಿಂಗನ್ನು ತನಗೇ ಜೋಡಿಸುತ್ತ 30 ಸಲ ಸುತ್ತಿದರೆ 1 ಜಿಬಿ. ಹೀಪ್ ಮಿತಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 30 ಸುತ್ತಿನ ಲೂಪ್ ಆದ್ದರಿಂದ ರಿಡಕ್ಷನ್ ಮಿತಿಯನ್ನೂ ನಂಬಿ ಕೂರುವಂತಿಲ್ಲ. ಹಂಚಿಕೊಂಡ ಬೈನರಿಗಳನ್ನೂ ಮಿತಿಯಲ್ಲಿ ಸೇರಿಸುವ ಆಯ್ಕೆ ಇತ್ತೀಚಿನ ಒಟಿಪಿಯಲ್ಲಿದೆ, ಅದನ್ನು ಮರೆಯದೆ ಆನ್ ಮಾಡಿ.

ಕೊರೂಟೀನ್ (ನಡುವೆ ನಿಂತು ಮತ್ತೆ ಮುಂದುವರಿಯುವ ಫಂಕ್ಷನ್), ಗೋಟು (ಬೇರೆ ಸಾಲಿಗೆ ನೆಗೆತ) ಎರಡೂ ಲುವರ್ಲ್‌ನಲ್ಲಿ ಇಲ್ಲ ಎಂದು ಗ್ರಾಹಕರಿಗೆ ಮೊದಲೇ ಹೇಳಿಬಿಡಿ.

ಪಕ್ಕದಸಾಲು
ಪೋರ್ಟ್ ಪರವಾಗಿ ನಾನು. ಕೌಚ್‌ಡಿಬಿ ಡೇಟಾಬೇಸ್ ಎರ್ಲಾಂಗ್‌ನದೇ. ಅದರ ಜಾವಾಸ್ಕ್ರಿಪ್ಟ್ ವ್ಯೂಗಳು (ಇಂಡೆಕ್ಸ್ ಕಟ್ಟುವ ಫಂಕ್ಷನ್‌ಗಳು) ಇವತ್ತಿಗೂ ಬೇರೆ ಓಎಸ್ ಪ್ರೊಸೆಸ್‌ನಲ್ಲಿ ಓಡುತ್ತವೆ, ಮಾತುಕತೆ ಸ್ಟ್ಯಾಂಡರ್ಡ್ ಇನ್‌ಪುಟ್ ಔಟ್‌ಪುಟ್ ಮೇಲೆ ಸಾಲಿಗೊಂದು ಜೇಸನ್. ಡೀಫಾಲ್ಟ್ ಗಡುವು 5000 ಮಿಲಿಸೆಕೆಂಡ್. ಕೌಚ್‌ಡಿಬಿ 3.4ರಲ್ಲಿ ಸ್ಪೈಡರ್‌ಮಂಕಿ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ ಬದಲು ಕ್ವಿಕ್‌ಜೆಎಸ್ ಆರಿಸಿಕೊಳ್ಳಬಹುದು, ಆದರೂ ಎಂಜಿನ್ ಇರುವ ಜಾಗ ಹೊರಗೇ. ಎರ್ಲಾಂಗ್‌ನದೇ ಆದ ರಿಯಾಕ್ ಡೇಟಾಬೇಸ್ ಇದೇ ಸ್ಪೈಡರ್‌ಮಂಕಿಯನ್ನು ಒಳಗೆ ಕೂರಿಸಿತ್ತು, 2.0ಕ್ಕೆ ಬರುವಾಗ ಜಾವಾಸ್ಕ್ರಿಪ್ಟ್ ಮ್ಯಾಪ್‌ರೆಡ್ಯೂಸ್ ಬಳಸಬೇಡಿ ಎಂದಿತು.

ಪೋರ್ಟ್‌ನಲ್ಲಿ ಎರಡು ಕಡೆ ಎಚ್ಚರ. ‘ಪ್ಯಾಕೆಟ್ 4’ ಎಂಬ ಆಯ್ಕೆ ಹಾಕಿದರೆ ಪ್ರತಿ ಸಂದೇಶದ ಮುಂದೆ 4 ಬೈಟ್ ಉದ್ದ ಇರಬೇಕು. ಗ್ರಾಹಕರ ಸ್ಕ್ರಿಪ್ಟ್ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಹಲೋ’ ಅಂತ ಪ್ರಿಂಟ್ ಮಾಡಿದರೆ ಮೊದಲ ನಾಲ್ಕು ಅಕ್ಷರಗಳನ್ನೇ ಉದ್ದ ಅಂದುಕೊಳ್ಳುತ್ತೆ, ಅದು 175 ಕೋಟಿ ಬೈಟ್ ದಾಟುತ್ತೆ. ಅಲ್ಲಿಂದ ಮುಂದೆ ಏನೂ ಹೊಂದಲ್ಲ. ಸಂಭಾಷಣೆಯನ್ನು 3 ಮತ್ತು 4ನೇ ಫೈಲ್ ಡಿಸ್ಕ್ರಿಪ್ಟರ್‌ಗೆ (ಪ್ರಿಂಟ್ ಹೋಗದ ಬೇರೆ ದಾರಿಗೆ) ಸಾಗಿಸುವ ಆಯ್ಕೆ ಇದೆ, ಅದನ್ನು ಬಳಸಿ. ಎರಡನೆಯದು, ಪೋರ್ಟ್ ಮುಚ್ಚಿದರೆ ಹೊರಗಿನ ಪ್ರೋಗ್ರಾಂಗೆ ಇನ್‌ಪುಟ್ ಮುಗಿಯಿತು ಅಂತ ಮಾತ್ರ ತಿಳಿಯುತ್ತೆ. ಲೂಪ್‌ನಲ್ಲಿ ಸಿಕ್ಕಿಕೊಂಡದ್ದು ಇನ್‌ಪುಟ್ ಓದಲ್ಲ, ಅನಾಥವಾಗಿ ಸಿಪಿಯು ತಿನ್ನುತ್ತಾ ಇರುತ್ತೆ. ಪಿಐಡಿ (ಓಎಸ್ ಪ್ರೊಸೆಸ್ ಸಂಖ್ಯೆ) ಇಟ್ಟುಕೊಂಡು ನೀವೇ ಕೊಲ್ಲಬೇಕು, ಅಥವಾ ಓಎಸ್‌ನ ಮಿತಿ ಹಾಕುವ ಯುಲಿಮಿಟ್‌ನಲ್ಲಿ ಸಿಪಿಯು ಸೆಕೆಂಡ್ ಮಿತಿ ಹಾಕಿ ಶುರು ಮಾಡಬೇಕು.

ಹಿತ್ತಲಗಿಡ
ಕೌಚ್‌ಡಿಬಿ ಡಾಕ್ಯುಮೆಂಟ್‌ಗಳನ್ನು ಸಾಲಾಗಿ ಕೊಟ್ಟು ಇಂಡೆಕ್ಸ್ ಕಟ್ಟುತ್ತೆ, ಸ್ವಲ್ಪ ತಡವಾದರೂ ನಡೆಯುತ್ತೆ. ಇಲ್ಲಿ ಸೆಕೆಂಡಿಗೆ 20,000 ಸಣ್ಣ ಪ್ರಶ್ನೆಗಳು. ಒಂದೊಂದಕ್ಕೂ ಎನ್‌ಕೋಡ್ ಮಾಡಿ, ಪೈಪ್ ದಾಟಿಸಿ, ಡಿಕೋಡ್ ಮಾಡುವ ಖರ್ಚು ಸ್ಕ್ರಿಪ್ಟ್‌ನ ಕೆಲಸಕ್ಕಿಂತ ಹೆಚ್ಚಾಗುತ್ತೆ. ಗ್ರಾಹಕರಿಗೆ ಒಂದರಂತೆ 400 ಓಎಸ್ ಪ್ರೊಸೆಸ್ ಬೇರೆ. ಭಾರಿ ಲೆಕ್ಕ ಮಾಡುವ ಒಂದಿಬ್ಬರು ಗ್ರಾಹಕರಿದ್ದರೆ ಅವರಿಗೆ ಮಾತ್ರ ಪೋರ್ಟ್ ಇಡಿ.

ತಂತಿಜಾಲ
ಹಾಗಾದರೆ ಲುವರ್ಲ್. ಗ್ರಾಹಕರಿಗೆ ಒಂದು ಜೆನ್‌ಸರ್ವರ್ (ಕರೆಗಳಿಗೆ ಉತ್ತರಿಸುವ ಎರ್ಲಾಂಗ್ ಪ್ರೊಸೆಸ್), ಅದರೊಳಗೆ ಸ್ಟೇಟ್, ಕರೆಗೆ 100 ಮಿಲಿಸೆಕೆಂಡ್ ಟೈಮ್‌ಔಟ್. ಇಷ್ಟು ಸಾಕೇ?

ನಾಲೆನೀರು
ಸಾಲದು. ಕರೆಯ ಟೈಮ್‌ಔಟ್ ಆದಾಗ ಬೀಳುವುದು ಕರೆದ ಪ್ರೊಸೆಸ್, ನಿಮ್ಮಲ್ಲಿ ಅದೇ ಸಂಪರ್ಕದ ಪ್ರೊಸೆಸ್. ಜೆನ್‌ಸರ್ವರ್ ಲೂಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ನಿಮಗೆ ಬೇಕಾದದ್ದಕ್ಕೆ ನೇರ ವಿರುದ್ಧ. ಕರೆದವರು ಟೈಮ್‌ಔಟ್ ಹಿಡಿದು, ಸರ್ವರ್‌ಗೆ ‘ಕಿಲ್’ ಕಳಿಸಬೇಕು. ‘ಶಟ್‌ಡೌನ್’ ಮರ್ಯಾದೆಗೆ ಟ್ರ್ಯಾಪ್ ಎಕ್ಸಿಟ್ (ನಿಲ್ಲು ಎಂಬ ಸೂಚನೆಯನ್ನು ಮಾಮೂಲು ಮೆಸೇಜ್ ಆಗಿ ಪಡೆಯುವ ಆಯ್ಕೆ) ಹಾಕಿಕೊಂಡ ಪ್ರೊಸೆಸ್ ಬಗ್ಗುವುದಿಲ್ಲ.

ಸೂಪರ್‌ವೈಸರ್‌ನಲ್ಲಿ ಈ ಮಕ್ಕಳನ್ನು (ಅದರ ಕೆಳಗಿನ ಸ್ಕ್ರಿಪ್ಟ್ ಪ್ರೊಸೆಸ್‌ಗಳನ್ನು) ‘ಟೆಂಪರರಿ’ (ಬಿದ್ದರೆ ಮತ್ತೆ ಎತ್ತಬೇಡ) ಎಂದು ಬರೆಯಿರಿ. ಎರ್ಲಾಂಗ್ ಡೀಫಾಲ್ಟ್ ಪ್ರಕಾರ 5 ಸೆಕೆಂಡಿನಲ್ಲಿ 1 ಮರುಚಾಲನೆಗೆ ಮಾತ್ರ ಅವಕಾಶ. ‘ಪರ್ಮನೆಂಟ್’ (ಬಿದ್ದಾಗಲೆಲ್ಲ ಎತ್ತು) ಇಟ್ಟರೆ ಒಂದೇ ಕೆಟ್ಟ ಸ್ಕ್ರಿಪ್ಟ್ ಎರಡು ಸಲ ಬಿದ್ದಾಗ ಸೂಪರ್‌ವೈಸರ್ ಕೈಚೆಲ್ಲಿ, ಉಳಿದ 399 ಗ್ರಾಹಕರನ್ನೂ ಕರೆದುಕೊಂಡು ಬೀಳುತ್ತದೆ. ಮತ್ತೆ ಶುರು ಮಾಡುವುದನ್ನು ನಿಮ್ಮದೇ ಒಂದು ಪ್ರೊಸೆಸ್ ನೋಡಿಕೊಳ್ಳಲಿ. ಬಿದ್ದ ಎಣಿಕೆ ಇಟಿಎಸ್ (ಪ್ರೊಸೆಸ್‌ನ ಹೀಪ್‌ಗೆ ಹೊರಗಿನ ಎರ್ಲಾಂಗ್ ಸಂಗ್ರಹ) ಟೇಬಲ್‌ನಲ್ಲಿರಲಿ, ಸ್ಕ್ರಿಪ್ಟ್ ಪ್ರೊಸೆಸ್ ಒಳಗಿಟ್ಟರೆ ಅದರ ಜೊತೆ ಎಣಿಕೆಯೂ ಸಾಯುತ್ತದೆ.

ಕಬ್ಬಿಣದ_ಕಡಲೆ
ಇನ್ನೊಂದು ಸೇರಿಸಿ. ಲುವಾದಿಂದ ಬಂದ ಸ್ಟ್ರಿಂಗನ್ನು ನಿಮ್ಮ ಕೋಡ್‌ನಲ್ಲಿ ಆಟಮ್ (ಹೆಸರೇ ಮೌಲ್ಯವಾಗಿರುವ ಎರ್ಲಾಂಗ್ ಟರ್ಮ್) ಮಾಡಬೇಡಿ. ಆಟಮ್ ಟೇಬಲ್ ಡೀಫಾಲ್ಟ್ ಮಿತಿ 10,48,576, ಅಲ್ಲಿ ಕಸ ಗುಡಿಸೋದಿಲ್ಲ, ತುಂಬಿದರೆ ಬೀಮ್ ನಿಲ್ಲುತ್ತೆ. ‘ಬಿಡು’, ‘ತಡೆ’ ಎರಡು ಬೈನರಿಗೆ ನೇರ ಮ್ಯಾಚ್ ಮಾಡಿ, ಬೇರೆ ಏನೇ ಬಂದರೂ ಸ್ಕ್ರಿಪ್ಟ್ ತಪ್ಪು ಅಂತ ಎಣಿಸಿ.

ತಂತಿಜಾಲ
ಸ್ಕ್ರಿಪ್ಟ್ ಸತ್ತಾಗ ಆ ಮೆಸೇಜ್ ಅನ್ನು ಬಿಡುವುದೋ ತಡೆಯುವುದೋ?

ನಾಲೆನೀರು
ಲಾಗಿನ್, ಅನುಮತಿಗೆ ಸಂಬಂಧಿಸಿದ ನಿಯಮವಾದರೆ ತಡೆಯಿರಿ. ಉಳಿದದ್ದಕ್ಕೆ ಗ್ರಾಹಕರೇ ನಿಯಮದ ಜೊತೆಗೆ ಬರೆದುಕೊಡಲಿ, ಆ ಫೀಲ್ಡ್ ಖಾಲಿ ಇದ್ದರೆ ಸ್ಕ್ರಿಪ್ಟ್ ಅಪ್‌ಲೋಡನ್ನೇ ಒಪ್ಪಬೇಡಿ.